ಮೀನುಗಾರಿಕಾ ಹಡಗಿನ ವೀಕ್ಷಕರು ದಡ ಸೇರುವ ಮೊದಲೇ ವರದಿ ಕಳಿಸಬೇಕೇಕೆ?

ವೀಕ್ಷಕರೆಂದರೆ ಹಡಗಿನಲ್ಲೇ ಇದ್ದು, ಬಲೆಗೆ ಬಿದ್ದದ್ದರ ಲೆಕ್ಕ ಬರೆದುಕೊಳ್ಳುವವರು. ಮೀನು ಹಿಡಿಯುವುದನ್ನು ಯಾವಾಗ ನಿಲ್ಲಿಸಬೇಕು ಎಂಬ ನಿರ್ಧಾರ ಅವರ ವರದಿಯನ್ನೇ ಅವಲಂಬಿಸಿರುವುದರಿಂದ.

ಅಲಾಸ್ಕಾದ ಬೇರಿಂಗ್ ಸಮುದ್ರವನ್ನೇ ತೆಗೆದುಕೊಳ್ಳಿ. ಅಲ್ಲಿ ಪೊಲಾಕ್ ಮೀನಿಗೆಂದು ಎಳೆಯುವ ಬಲೆಗೆ ಚಿನೂಕ್ ಸಾಲ್ಮನ್ ಕೂಡ ಬೀಳುತ್ತದೆ. ಹೀಗೆ ಬೀಳುವ ಸಾಲ್ಮನ್‌ಗೆ ಮಿತಿಯಿದೆ; ಅದನ್ನು ಹಡಗುಗಳ ಗುಂಪುಗಳಿಗೆ ಹಂಚಿರುತ್ತಾರೆ. ಒಂದು ಗುಂಪಿನ ಪಾಲಿನ ಮಿತಿ ಮುಗಿದರೆ, ಪೊಲಾಕ್ ಕೋಟಾ ಉಳಿದಿದ್ದರೂ ಆ ಗುಂಪಿನ ಹಡಗುಗಳು ಪೊಲಾಕ್‌ಗೆ ಬಲೆ ಹಾಕುವಂತಿಲ್ಲ. ಹಡಗಲ್ಲೇ ಮೀನು ಸಂಸ್ಕರಿಸುವ ದೊಡ್ಡ ಹಡಗುಗಳು ದಿನಗಟ್ಟಲೆ ಕಡಲಲ್ಲೇ ಇರುತ್ತವೆ. ಲೆಕ್ಕ ದಡಕ್ಕೆ ಬಂದಮೇಲೆ ಸಿಕ್ಕರೆ, ಅಷ್ಟರಲ್ಲಿ ಮಿತಿ ಎಂದೋ ದಾಟಿರಬಹುದು. 2011ರಿಂದ ಅಲ್ಲಿ ಸಾಲ್ಮನ್ ಎಷ್ಟೆಂದು ಅಂದಾಜು ಮಾಡುವುದಿಲ್ಲ, ಒಂದೊಂದನ್ನೂ ಎಣಿಸುತ್ತಾರೆ.

ಬಲೆ ಎಳೆದ ಜಾಗ, ಒಟ್ಟು ತೂಕ, ಯಾವ ಜಾತಿ ಎಷ್ಟು, ಕಡಲಹಕ್ಕಿ ಅಥವಾ ಸೀಲ್ ಸಿಕ್ಕಿತೇ ಎಂಬುದೆಲ್ಲ ವರದಿಯಲ್ಲಿರುತ್ತದೆ. ಕಣ್ಣಿಗೆ ಬಿದ್ದ ನಿಯಮಭಂಗವನ್ನೂ ವೀಕ್ಷಕರು ತಿಳಿಸಬೇಕು. ಇದೇ ಕಷ್ಟದ ಭಾಗ: ಯಾರ ಮೇಲೆ ಬರೆಯುತ್ತಾರೋ ಅವರ ಜೊತೆಯಲ್ಲೇ ಉಣ್ಣಬೇಕು, ಮಲಗಬೇಕು. ವೀಕ್ಷಕರನ್ನು ಬೆದರಿಸುವುದು, ಅವರ ಕೆಲಸಕ್ಕೆ ಅಡ್ಡಿಪಡಿಸುವುದು ಅಮೆರಿಕದ ಕಾನೂನಿನಲ್ಲಿ ನಿಷಿದ್ಧ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಅತಿ ಮುಖ್ಯವಾದ ನಿಯಮ ಅದೇ. ಹೆದರಿಕೊಂಡು ಬರೆದ ಸಂಖ್ಯೆಯನ್ನು ನಂಬಿ ಯಾರೂ ಕೋಟಾ ನಿರ್ಧರಿಸಲಾಗದು.