ಶಾಲಾ ಬಸ್ಸಿನ ಚಾಲಕನಾಗಲು ಏನೇನು ಬೇಕು?

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನವನು. ವಯಸ್ಸು 26, ಓದಿದ್ದು ಏಳನೆಯ ತರಗತಿಯವರೆಗೆ. ಆರು ವರ್ಷಗಳಿಂದ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್, ಉಳಿದ ದಿನಗಳಲ್ಲಿ ಸಣ್ಣ ಸರಕು ವಾಹನ ಓಡಿಸುತ್ತೇನೆ. ಕಾರಿನ ಲೈಸೆನ್ಸ್ ಇದೆ, ಹೆವಿ ಲೈಸೆನ್ಸ್ ಇಲ್ಲ. ಪಕ್ಕದ ಊರಿನ ಶಾಲೆಯವರು ಬರುವ ಜೂನ್‌ನಿಂದ ಬಸ್ಸಿಗೆ ಬಾ ಎಂದು ಕರೆದಿದ್ದಾರೆ. ಎಂಟನೆಯ ತರಗತಿ ಪಾಸಾಗದಿದ್ದರೆ ಹೆವಿ ಲೈಸೆನ್ಸ್ ಕೊಡುವುದಿಲ್ಲ ಎಂದು ಒಬ್ಬರು ಹೇಳುತ್ತಾರೆ, ಟ್ರ್ಯಾಕ್ಟರ್ ಓಡಿಸಿದ ಅನುಭವವೇ ಸಾಕು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತನ್ನು ನಂಬಲಿ?

ಉತ್ತರ: ಇಬ್ಬರ ಮಾತನ್ನೂ ನಂಬಬೇಡಿ. ಸಾರಿಗೆ ವಾಹನದ ಲೈಸೆನ್ಸಿಗೆ ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮ ಮೊದಲು ಇದ್ದದ್ದು ನಿಜ, ಆದರೆ ಕೇಂದ್ರ ಸರ್ಕಾರ ಅದನ್ನು 2019ರಲ್ಲಿಯೇ ತೆಗೆದುಹಾಕಿದೆ. ಓದು ಅರ್ಧಕ್ಕೆ ನಿಂತಿತೆಂಬ ಕಾರಣಕ್ಕೆ ಈಗ ಯಾರೂ ನಿಮ್ಮನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಟ್ರ್ಯಾಕ್ಟರಿನ ಮಾತು ಮಾತ್ರ ಅಷ್ಟು ಸುಲಭವಲ್ಲ.

1988ರ ಮೋಟಾರು ವಾಹನ ಕಾಯ್ದೆಯು ಶಾಲೆಯ ಸ್ವಂತ ಬಸ್ಸನ್ನು ಶೈಕ್ಷಣಿಕ ಸಂಸ್ಥೆಯ ಬಸ್ಸು ಎಂದು ಪ್ರತ್ಯೇಕವಾಗಿ ಹೆಸರಿಸಿ, ಅದನ್ನು ಸಾರಿಗೆ ವಾಹನಗಳ ಸಾಲಿಗೆ ಸೇರಿಸಿದೆ. ಹಾಗಾಗಿ ನೀವು ಮೊದಲು ಕೇಳಬೇಕಾದದ್ದು ಸಂಬಳವನ್ನಲ್ಲ, ಬಸ್ಸಿನ ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕವನ್ನು. ಅದು 7,500 ಕಿಲೋ ಮೀರದಿದ್ದರೆ ನಿಮ್ಮ ಹಗುರ ವಾಹನದ ಲೈಸೆನ್ಸಿನ ಮೇಲೆಯೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಸಣ್ಣ ಟೆಂಪೊ ಮಾದರಿಯ ಶಾಲಾ ವಾಹನಗಳು ಸಾಮಾನ್ಯವಾಗಿ ಈ ಮಿತಿಯೊಳಗೆ ಬರುತ್ತವೆ. ನಲವತ್ತು ಐವತ್ತು ಸೀಟಿನ ದೊಡ್ಡ ಬಸ್ಸಾದರೆ ಭಾರೀ ಸಾರಿಗೆ ವಾಹನದ ಲೈಸೆನ್ಸ್ ಬೇಕೇ ಬೇಕು.

ಆ ಲೈಸೆನ್ಸಿಗೆ ಇಪ್ಪತ್ತು ವರ್ಷ ತುಂಬಿರಬೇಕು ಮತ್ತು ಹಗುರ ವಾಹನದ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷ ಕಳೆದಿರಬೇಕು. ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಿ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್ ಪಡೆದರೆ ಅದು ಆರು ತಿಂಗಳು ನಡೆಯುತ್ತದೆ, ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಅರ್ಜಿಯ ಜೊತೆ ನಮೂನೆ 1-ಎ ಎಂಬ ವೈದ್ಯಕೀಯ ಪ್ರಮಾಣಪತ್ರವನ್ನು ಕೊಡಬೇಕು. 25 ಮೀಟರ್ ದೂರದ ನಂಬರ್ ಪ್ಲೇಟು ಓದಲು ಬರುತ್ತದೆಯೇ, ತೀವ್ರವಾದ ಬಣ್ಣಗುರುಡು ಇದೆಯೇ, ಇರುಳುಗಣ್ಣು ಇದೆಯೇ, ಹಾರ್ನಿನ ಸದ್ದು ಕೇಳಿಸುತ್ತದೆಯೇ ಎಂಬುದನ್ನು ವೈದ್ಯರು ನೋಡಿ ಬರೆಯಬೇಕಾದ ಕಾಗದವದು. ನಿಮ್ಮನ್ನು ಕಣ್ಣೆತ್ತಿಯೂ ನೋಡದೆ ಸಹಿ ಹಾಕಿಕೊಡುವವರು ಸಿಕ್ಕರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ, ನಿಜವಾಗಿ ಪರೀಕ್ಷಿಸುವವರ ಬಳಿ ಹೋಗಿ. ನಿಮ್ಮ ಕಣ್ಣಿನ ದೋಷ ನಿಮಗೇ ತಿಳಿಯದೆ ಉಳಿದರೆ ಅದರ ಬೆಲೆ ತೆರುವವರು ಹಿಂದೆ ಕುಳಿತ ಮಕ್ಕಳು.

ತರಬೇತಿಗೆ ಸರ್ಕಾರದ ಪರವಾನಗಿ ಇರುವ ಡ್ರೈವಿಂಗ್ ಸ್ಕೂಲನ್ನೇ ಸೇರಿ. ಸಾರಿಗೆ ವಾಹನದ ಲೈಸೆನ್ಸ್ ಕೇಳುವವರು ಅದರ ಪ್ರಮಾಣಪತ್ರವನ್ನೂ ಲಗತ್ತಿಸಬೇಕಾಗುತ್ತದೆ. ಸಾರಿಗೆ ವಾಹನದ ಪಾಠ ಮೂವತ್ತು ದಿನಕ್ಕೆ ಕಡಿಮೆ ಇರಬಾರದು, ಅದರಲ್ಲಿ ಸ್ಟೀರಿಂಗ್ ನಿಮ್ಮ ಕೈಯಲ್ಲಿರುವ ಹೊತ್ತು ಹದಿನೈದು ಗಂಟೆಗೆ ಕಡಿಮೆಯಾಗಬಾರದು ಎಂದು ಕೇಂದ್ರ ನಿಯಮಗಳು ಹೇಳುತ್ತವೆ. 2021ರ ನಿಯಮಗಳ ಪ್ರಕಾರ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಲ್ಲಾದರೆ ಭಾರೀ ವಾಹನದ ಪಾಠ ಆರು ವಾರಗಳಲ್ಲಿ 38 ಗಂಟೆ. ಶುಲ್ಕ ಕಟ್ಟುವ ಮೊದಲು ಈ ಗಂಟೆಗಳ ಲೆಕ್ಕ ಕೇಳಿ. ಶಾಲೆಯ ಬಸ್ಸಿನಲ್ಲಿಯೇ, ಮಕ್ಕಳು ಕುಳಿತಿರುವಾಗಲೇ ಕೈ ಕುದುರಿಸಿಕೊಳ್ಳುವ ವಿಚಾರವನ್ನಂತೂ ಮನಸ್ಸಿನಲ್ಲಿ ಸುಳಿಯಗೊಡಬೇಡಿ.

ಇಷ್ಟಾದರೆ ಲೈಸೆನ್ಸ್ ಕೈಗೆ ಬರುತ್ತದೆ, ಆದರೆ ಜೂನ್‌ನಲ್ಲಿ ಬಸ್ಸು ಹತ್ತಬಹುದು ಎಂದು ನಾನು ಹೇಳಲಾರೆ. ಸುಪ್ರೀಂ ಕೋರ್ಟು 1997ರಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಕೊಟ್ಟ ನಿರ್ದೇಶನಗಳು ಮುಂದೆ ದೇಶದ ಶಾಲೆಗಳಿಗೆಲ್ಲ ಮಾದರಿಯಾದವು. ಶಾಲಾ ಬಸ್ಸಿನ ಚಾಲಕನಿಗೆ ಭಾರೀ ವಾಹನ ಓಡಿಸಿದ ಕನಿಷ್ಠ ಐದು ವರ್ಷಗಳ ಅನುಭವ ಇರಬೇಕು. ಸಿಗ್ನಲ್ ದಾಟಿದಂಥ ತಪ್ಪಿಗೆ ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಸಲ ದಂಡ ಬಿದ್ದಿರಬಾರದು. ಅತಿವೇಗ, ಕುಡಿದು ಓಡಿಸಿದ್ದು, ಅಪಾಯಕಾರಿ ಚಾಲನೆ ಇವುಗಳಿಗೆ ಒಮ್ಮೆಯೂ ಪ್ರಕರಣ ದಾಖಲಾಗಿರಬಾರದು ಎಂಬುದು ಅವುಗಳ ಸಾರ. ಕಬ್ಬಿನ ಟ್ರ್ಯಾಕ್ಟರ್ ಓಡಿಸಿದ ಆರು ವರ್ಷಗಳನ್ನು ಈ ಐದು ವರ್ಷಗಳಲ್ಲಿ ಎಣಿಸಲಾಗದು. ಎರಡು ಟ್ರೇಲರ್ ಕಟ್ಟಿಕೊಂಡು ಮುಧೋಳ ರಸ್ತೆಯಲ್ಲಿ ರಾತ್ರಿ ಸಾಗುವುದಕ್ಕೆ ಎಂಥ ಎದೆಗಾರಿಕೆ ಬೇಕೆಂಬುದನ್ನು ನಾನು ಬಲ್ಲೆ, ಆ ದುಡಿಮೆಯನ್ನು ಹಗುರವಾಗಿ ಕಾಣುತ್ತಿಲ್ಲ. ಆದರೂ ತೂಗಾಡುವ ಹೊರೆಯನ್ನು ನಿಧಾನವಾಗಿ ಎಳೆಯುವ ಕೈಗೂ, ಮೂವತ್ತು ಕಡೆ ನಿಂತು ಹೊರಡುವ ಬಸ್ಸನ್ನು ನಡೆಸುವ ಕೈಗೂ ಬೇಕಾದ ರೂಢಿ ಬೇರೆ.

ನನ್ನ ಸಲಹೆ ಇಷ್ಟೇ: ಹೆವಿ ಲೈಸೆನ್ಸ್ ಮಾಡಿಸಿಕೊಳ್ಳಿ, ಸಾರ್ವಜನಿಕ ವಾಹನಕ್ಕೆ ಬೇಕಾಗುವ ಬ್ಯಾಡ್ಜನ್ನೂ ಪಡೆದುಕೊಳ್ಳಿ, ಲಾರಿಯಲ್ಲೋ ಖಾಸಗಿ ಬಸ್ಸಿನಲ್ಲೋ ಆ ಐದು ವರ್ಷ ದುಡಿಯಿರಿ, ಮಾಲೀಕರಿಂದ ಅನುಭವದ ಪತ್ರವನ್ನು ಬರೆಸಿಟ್ಟುಕೊಳ್ಳಿ. ನಿಮಗೆ ಆಗ ಮೂವತ್ತೆರಡು ದಾಟಿರುವುದಿಲ್ಲ.

ಇನ್ನೊಂದು ಮಾತನ್ನು ಯಾವ ನಮೂನೆಯಲ್ಲಿಯೂ ಬರೆದಿರುವುದಿಲ್ಲವಾದ್ದರಿಂದ ಇಲ್ಲಿ ಹೇಳುತ್ತೇನೆ. ನಾನು ಬಾಗಲಕೋಟೆಯಲ್ಲಿ ಭಾರೀ ವಾಹನ ಕಲಿಸುತ್ತಿದ್ದಾಗ ಕಲಿಯುವವರನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಒಂದನೆಯ ತರಗತಿಯ ಮಗುವಿನ ಎತ್ತರದ ಕೋಲಿಗೆ ಕೆಂಪು ವಸ್ತ್ರ ಕಟ್ಟಿ, ಬಂಪರಿಗೆ ತಾಗಿಸಿ ನಿಲ್ಲಿಸುತ್ತಿದ್ದೆ. ಯಾರಿಗೂ ಅದು ಕಾಣುತ್ತಿರಲಿಲ್ಲ. ಕೋಲನ್ನು ಹೆಜ್ಜೆ ಹೆಜ್ಜೆಯಾಗಿ ಮುಂದಕ್ಕೆ ಸರಿಸುತ್ತ, ವಸ್ತ್ರ ಕಂಡ ಕೂಡಲೇ ಕೂಗು ಎನ್ನುತ್ತಿದ್ದೆ; ಕೂಗಿದವನನ್ನು ಕೆಳಗಿಳಿಸಿ, ಕೋಲಿಗೂ ಬಂಪರಿಗೂ ನಡುವೆ ಉಳಿದ ಜಾಗದಲ್ಲಿ ಅವನನ್ನೇ ನಿಲ್ಲಿಸುತ್ತಿದ್ದೆ. ಬಸ್ಸಿನಿಂದ ಇಳಿದ ಮಗುವಿನ ನೀರಿನ ಬಾಟಲಿ ಉರುಳಿಹೋಗುವುದು, ಅದನ್ನು ಎತ್ತಿಕೊಳ್ಳಲು ಮಗು ಬಗ್ಗುವುದು ಆ ಜಾಗದಲ್ಲಿಯೇ. "ತಡೀರಿ, ಕೂಸು ಇನ್ನೂ ದಾಟಿಲ್ಲ" ಎಂದು ಆಯಾ ಕೂಗಿದಾಗ ಕೇಳಿಸುವಂತೆ ಹಾಡಿನ ಪೆಟ್ಟಿಗೆಯನ್ನು ಬಂದ್ ಇಟ್ಟಿರಬೇಕು. ಇಳಿದ ಮಕ್ಕಳನ್ನು ಎಣಿಸಿ, ರಸ್ತೆಯ ಅಂಚಿಗೆ ಸೇರಿದವರನ್ನೂ ಎಣಿಸಿ, ಎರಡೂ ಲೆಕ್ಕ ಕೂಡಿದ ಮೇಲೆ ಗೇರ್ ಹಾಕಬೇಕು.

ಪ್ರಶ್ನೆ: ಎರಡನೆಯ ತರಗತಿಯ ನನ್ನ ಮಗಳು ವಿಜಯಪುರದಲ್ಲಿ ಬಾಡಿಗೆ ಟೆಂಪೊದಲ್ಲಿ ಶಾಲೆಗೆ ಹೋಗುತ್ತಾಳೆ. ಓಡಿಸುವ ಹುಡುಗನಿಗೆ ಇನ್ನೂ ಮೀಸೆ ಚಿಗುರಿದಂತಿಲ್ಲ, ಫೋನ್ ಕಿವಿಯಿಂದ ಇಳಿಯುವುದಿಲ್ಲ. ಶಾಲೆಯವರು ವಾಹನ ನಮ್ಮದಲ್ಲ ಎನ್ನುತ್ತಾರೆ. ತಾಯಿಯಾಗಿ ನಾನು ಏನನ್ನು ಕೇಳಬಹುದು?

ಉತ್ತರ: ತಾಯಿ, ಎಲ್ಲವನ್ನೂ ಕೇಳಬಹುದು. ನಾನು ಮೇಲೆ ಹೇಳಿದ ನಿರ್ದೇಶನಗಳು ಶಾಲೆಯ ಸ್ವಂತ ಬಸ್ಸಿಗಷ್ಟೇ ಅಲ್ಲ, ಬಾಡಿಗೆಗೆ ಪಡೆದ ವಾಹನಕ್ಕೂ ಸಲ್ಲುತ್ತವೆ. ನಮ್ಮ ರಾಜ್ಯದಲ್ಲಿ ಶಾಲಾ ಮಕ್ಕಳನ್ನು ಒಯ್ಯುವ ವಾಹನಗಳಿಗೆಂದೇ 2012ರಲ್ಲಿ ಪ್ರತ್ಯೇಕ ನಿಯಮಗಳೂ ಬಂದಿವೆ. ಹುಡುಗನ ಡಿಎಲ್ ಮತ್ತು ವಾಹನದ ಎಫ್‌ಸಿ (ಓಡಲು ಯೋಗ್ಯವೆಂಬ ಪತ್ರ), ವಿಮೆ ಇವುಗಳ ಪ್ರತಿಗಳನ್ನು ಶಾಲೆ ತರಿಸಿಟ್ಟುಕೊಳ್ಳಲಿ ಎಂದು ನಾಲ್ಕಾರು ಪೋಷಕರು ಕೂಡಿ ಬರೆದುಕೊಡಿ, ಸ್ವೀಕೃತಿಯ ಸಹಿ ಪಡೆಯಿರಿ. ನಂಬರ್ ಪ್ಲೇಟು ಬಿಳಿಯದಾಗಿದ್ದರೆ ಆ ವಾಹನ ಬಾಡಿಗೆಗೆ ಓಡುವಂತೆಯೇ ಇಲ್ಲ. ಹಳದಿ ಪ್ಲೇಟಾದರೆ ಸೀಟುಗಳನ್ನು ಎಣಿಸಿ: ಹನ್ನೆರಡು ವರ್ಷದೊಳಗಿನ ಮಕ್ಕಳಾದರೂ ಸೀಟಿನ ಒಂದೂವರೆ ಪಟ್ಟಿಗಿಂತ ಹೆಚ್ಚು ಜನರನ್ನು ಕೂರಿಸಬಾರದು, ಅಂದರೆ ಹನ್ನೆರಡು ಸೀಟಿಗೆ ಹದಿನೆಂಟು ಮಕ್ಕಳು. ಪೋಷಕರಲ್ಲಿ ಒಬ್ಬರು ಜೊತೆಗೆ ಪ್ರಯಾಣಿಸಿ ನೋಡಲು ಅವಕಾಶವಿದೆ. ಒಂದು ದಿನ ನೀವೇ ಹತ್ತಿ ಕುಳಿತುಬಿಡಿ. ಲೈಸೆನ್ಸ್ ಇಲ್ಲದವನ ಕೈಗೆ ವಾಹನ ಕೊಟ್ಟರೆ ಓಡಿಸಿದವನಿಗಷ್ಟೇ ಅಲ್ಲ, ಮಾಲೀಕನಿಗೂ ಕಾಯ್ದೆಯಲ್ಲಿ 5,000 ರೂಪಾಯಿವರೆಗಿನ ದಂಡ ಇಲ್ಲವೇ ಮೂರು ತಿಂಗಳವರೆಗಿನ ಸಜೆ ಇದೆ. ಇದನ್ನು ಹೇಳಿದರೂ ಹುಡುಗನ ಕಿವಿಯಿಂದ ಫೋನ್ ಇಳಿಯದಿದ್ದರೆ ಆರ್‌ಟಿಒ ಕಚೇರಿಗೆ ಲಿಖಿತ ದೂರು ಕೊಡಿ, ಅಲ್ಲಿಯವರೆಗೆ ಮಗಳನ್ನು ಆ ಟೆಂಪೊಗೆ ಹತ್ತಿಸಬೇಡಿ.

ಪ್ರಶ್ನೆ: ಚಿಕ್ಕೋಡಿಯ ಹತ್ತಿರ ಶಾಲಾ ಬಸ್ಸು ಓಡಿಸುತ್ತೇನೆ, ವಯಸ್ಸು 52. ಹೆವಿ ಲೈಸೆನ್ಸಿನ ಅವಧಿ ಮುಗಿದು ಹದಿನಾಲ್ಕು ತಿಂಗಳಾಗಿದ್ದು ಈಗ ಗಮನಕ್ಕೆ ಬಂತು. ದಂಡ ಕಟ್ಟಿದರೆ ನವೀಕರಣ ಆಗುತ್ತದೆಯೇ?

ಉತ್ತರ: ದಂಡ ಕಟ್ಟಿದರೆ ಮುಗಿಯುವುದಿಲ್ಲ. ಅವಧಿ ತೀರಿ ಒಂದು ವರ್ಷ ದಾಟಿದ ಮೇಲೆ ಬಂದ ಅರ್ಜಿಗೆ ಮತ್ತೆ ಚಾಲನಾ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕು, ನಮೂನೆ 1-ಎ ಕೂಡ ಹೊಸದಾಗಿ ಬೇಕು. ಮುಂದೆ ಸಾರಿಗೆ ವಾಹನದ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ, ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ಅರ್ಜಿ ಹಾಕಬಹುದು. ನಾಳೆ ಬೆಳಿಗ್ಗೆ ಬಸ್ಸಿನ ಕೀಲಿಯನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟು, ವಿಷಯವನ್ನು ಮುಚ್ಚಿಡದೆ ಹೇಳಿ, ಹೊಸ ಲೈಸೆನ್ಸ್ ಬರುವವರೆಗೆ ಬೇರೆ ಚಾಲಕರನ್ನು ನೋಡಿಕೊಳ್ಳುವಂತೆ ಕೇಳಿಕೊಳ್ಳಿ.