ಎರಡು ಲೋಡ್ ಸೌದೆಗೆ ಯಂತ್ರ ಬೇಕಾ?

ನಮಸ್ಕಾರ. ಸಕಲೇಶಪುರದ ಹತ್ತಿರ ಮನೆ, ಹಂಡೆ ಒಲೆಗೆ ವರ್ಷಕ್ಕೆ ಎರಡು ಟ್ರ್ಯಾಕ್ಟರ್ ಲೋಡ್ ಸೌದೆ ಬೇಕು, ಅಪ್ಪನಿಗೆ ಭುಜದ ನೋವು, ಸೌದೆ ಸೀಳುವ ಕರೆಂಟ್ ಯಂತ್ರ ತಗೊಳ್ಳಲಾ, ಕೊಡಲಿಯೇ ಸಾಕಾ ಅಂತ ಕೇಳಿದ್ದೀರಿ. ನಾನು ಮೂಡಿಗೆರೆ ಕಡೆಯವನು, ಎರಡನ್ನೂ ಬಳಸಿದ್ದೇನೆ.

ಮೊದಲು ಯಾವ ಮರ ಅಂತ ನೋಡಿ. ಮರಗಸಿಯ (ಕಾಫಿ ತೋಟದ ನೆರಳಿನ ಮರ ಸವರಿದಾಗ ಸಿಗುವ) ಕೊಂಬೆಯೇ ಜಾಸ್ತಿ ಇದ್ದರೆ ತುಂಡು ಮಾಡಿದರೆ ಆಯ್ತು, ಸೀಳೋದೇ ಬೇಡ. ಸಿಲ್ವರ್ ಓಕ್ ನೇರ ಎಳೆಯ ಮರ. ಒಂದಡಿ ತುಂಡು ನಿಲ್ಲಿಸಿ ಅಂಚಿಗೆ ಹೊಡೆದರೆ ಕೊಡಲಿಗೇ ಸೀಳುತ್ತದೆ. ಕಷ್ಟ ಕೊಡೋದು ಹಲಸು, ನೇರಳೆಯ ಗಂಟಿನ ಬೊಡ್ಡೆ. ಕೊಡಲಿ ಕಚ್ಚಿಕೊಂಡರೆ ಎಳೆದೆಳೆದು ಕಾವೇ ಸಡಿಲ ಆಗುತ್ತದೆ. ಅದಕ್ಕೆ ಎರಡು ಕಬ್ಬಿಣದ ಬೆಣೆ, ಒಂದು ದೊಡ್ಡ ಸುತ್ತಿಗೆ ಇಟ್ಟುಕೊಳ್ಳಿ. ಒಂದು ಬೆಣೆ ಸಿಕ್ಕಿಕೊಂಡರೆ ಅದೇ ಬಿರುಕಿಗೆ ಸ್ವಲ್ಪ ಮುಂದೆ ಇನ್ನೊಂದು ಹೊಡೆಯಿರಿ, ಮೊದಲನೆಯದು ಸಡಿಲ ಆಗಿ ಕೈಗೆ ಬರುತ್ತದೆ.

ಮನೆ ಬಳಕೆಯ ಸಣ್ಣ ಕರೆಂಟ್ ಯಂತ್ರಗಳ ಒತ್ತಡ ಸಾಮಾನ್ಯವಾಗಿ 5ರಿಂದ 7 ಟನ್. ಗಟ್ಟಿ ಗಂಟಿಗೆ ಅವೂ ಮಧ್ಯದಲ್ಲೇ ನಿಲ್ಲುತ್ತವೆ. ಎರಡು ಲೋಡಿಗೆ ಸುಮ್ನೆ ಅಷ್ಟು ದುಡ್ಡು ಹಾಕೋದು ಬೇಡ ಅಂತಲೇ ಹೇಳುತ್ತಿದ್ದೆ. ಆದರೆ ಸೀಳೋರು ಅಪ್ಪನೇ ಅಂದರೆ ಖಂಡಿತ ತಗೊಳ್ಳಿ. ಆ ಭುಜಕ್ಕೆ ಕೊಡಲಿ ಬೇಡ.

ತಗೊಂಡರೆ ಎರಡೂ ಕೈಯಲ್ಲಿ ಒತ್ತಿದರೆ ಮಾತ್ರ ಓಡುವಂಥದ್ದು ನೋಡಿ. ಒಬ್ಬರು ತುಂಡು ಹಿಡಿಯೋದು, ಇನ್ನೊಬ್ಬರು ಒತ್ತೋದು ಮಾಡಲೇಬೇಡಿ, ಬೆರಳು ಹೋಗೋದು ಹಾಗೇನೇ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ನಂಬೋ ಹಾಗಿಲ್ಲ, ಅಲ್ವಾ? ಮೇ ಒಳಗೆ ಸೀಳಿ ಸೂರಿನಡಿ ಒಟ್ಟಿಬಿಡಿ.