ಕೇಬಲ್ ತೆಗೆಸಬೇಡಿ, ಅಮ್ಮಾ

ಓದುಗರ ಪತ್ರ: ಬಾಗೇಪಲ್ಲಿ ತಾಲ್ಲೂಕಿನ ಅಜ್ಜಿಯೊಬ್ಬರು ಬರೆದಿದ್ದಾರೆ. "ಮೊಮ್ಮಗಳು ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸು. ಮನೆಯಲ್ಲಿ ನಾವೆಲ್ಲ ತೆಲುಗು. ಟಿ.ವಿ.ಯಲ್ಲಿ ಪಾಠ ಬರುತ್ತೆ ಅಂತ ಹಾಕಿಕೊಟ್ಟರೆ ಎರಡು ನಿಮಿಷ ನೋಡಿ ಕಾರ್ಟೂನಿಗೆ ತಿರುಗಿಸುತ್ತಾಳೆ. ಈ ಪೆಟ್ಟಿಗೆಯಿಂದ ಓದು ಬರುತ್ತಾ? ಇಲ್ಲಾ ಕೇಬಲ್ ತೆಗೆಸಿಬಿಡಲಾ?"

ಸಂಪಾದಕರ ಉತ್ತರ: ಅಮ್ಮಾ, ನಮಸ್ಕಾರ. ಕೇಬಲ್ ಇರಲಿ. ಮೊಮ್ಮಗಳನ್ನೂ ಬೈಯಬೇಡಿ. ಎರಡೇ ನಿಮಿಷಕ್ಕೆ ಚಾನೆಲ್ ಬದಲಾಯಿಸಿದಳು ಅಂದರೆ ಆ ಪಾಠ ಹೇಗಿತ್ತು ಅಂತ ಅವಳು ಹೇಳಿದಂತಾಯಿತು. ಕೇಳಿಸಿಕೊಳ್ಳಬೇಕಾದವರು ಪಾಠ ತಯಾರಿಸಿದವರು.

ನಮ್ಮಲ್ಲಿ ಟಿ.ವಿ. ಪಾಠ ಅಂದರೆ ಬೋರ್ಡಿನ ಮುಂದೆ ಮೇಷ್ಟ್ರು, ಮೇಷ್ಟ್ರ ಮುಂದೆ ಕ್ಯಾಮೆರಾ. ಕೊರೋನಾದಲ್ಲಿ ಶಾಲೆ ಮುಚ್ಚಿದಾಗ, 2020ರ ಜುಲೈನಲ್ಲಿ, ದೂರದರ್ಶನ ಚಂದನದಲ್ಲಿ 'ಸಂವೇದ' ಶುರುವಾಯಿತಲ್ಲ, ಅದು ಮೊದಲು ಬಂದದ್ದು ಎಂಟು, ಒಂಬತ್ತು, ಹತ್ತನೇ ತರಗತಿಗೆ. ನೆಟ್‌ವರ್ಕ್ ಸಿಗದ ಊರಿನ ಮಕ್ಕಳಿಗೆ ಅದು ದೊಡ್ಡ ಉಪಕಾರವೇ. ಪರೀಕ್ಷೆ ಎದುರಿಗಿರುವ ಮಗು ನೋಟ್ಸ್ ಬರೆದುಕೊಂಡು ಅರ್ಧ ಗಂಟೆ ಕೂರುತ್ತದೆ. ಏಳು ವರ್ಷದ ಮಗು ಯಾಕೆ ಕೂರಬೇಕು? ತರಗತಿಗೊಂದು ಚಾನೆಲ್ ಅಂತ ಕೇಂದ್ರ ಸರ್ಕಾರ ಪಿ.ಎಂ. ಇ-ವಿದ್ಯಾ ಮಾಡಿದೆ, ನಿಜ. ಅದರಲ್ಲಿ ಹಿಂದಿ, ಇಂಗ್ಲಿಷ್ ಜಾಸ್ತಿ. ನಿಮ್ಮ ಮನೆಗೆ ಅದು ಸದ್ಯಕ್ಕೆ ದೂರದ ಮಾತು.

ಅಮೆರಿಕದಲ್ಲಿ 1969ರ ನವೆಂಬರಿನಲ್ಲಿ 'ಸೆಸಮಿ ಸ್ಟ್ರೀಟ್' ಅನ್ನುವ ಮಕ್ಕಳ ಟಿ.ವಿ. ಕಾರ್ಯಕ್ರಮ ಶುರು ಮಾಡಿದವರು ಅದನ್ನು ಮೊದಲು ಮಕ್ಕಳ ಮುಂದಿಟ್ಟು ನೋಡಿದರು. ಟಿ.ವಿ. ಪಕ್ಕದಲ್ಲೇ ಇನ್ನೊಂದು ಪರದೆ. ಅದರಲ್ಲಿ 7.5 ಸೆಕೆಂಡಿಗೊಮ್ಮೆ ಬೇರೆ ಬೇರೆ ಬಣ್ಣದ ಚಿತ್ರ. ಮಗುವಿನ ಕಣ್ಣು ಟಿ.ವಿ. ಬಿಟ್ಟು ಯಾವಾಗ ಆ ಕಡೆ ಹೋಗುತ್ತದೆ ಅಂತ ಒಬ್ಬರು ಕೂತು ಗುರುತು ಹಾಕಿಕೊಳ್ಳುತ್ತಿದ್ದರು. ಮಕ್ಕಳ ಗಮನ ನಿಲ್ಲದ ಭಾಗವನ್ನು ತಿದ್ದುವುದು, ಇಲ್ಲವೇ ಕಿತ್ತುಹಾಕುವುದು. ನಿಮ್ಮ ಮೊಮ್ಮಗಳು ರಿಮೋಟ್ ಹಿಡಿದು ದಿನಾ ಮಾಡುತ್ತಿರುವುದೂ ಇದೇ ಪರೀಕ್ಷೆ. ಗುರುತು ಹಾಕಿಕೊಳ್ಳುವವರು ಮಾತ್ರ ಯಾರೂ ಇಲ್ಲ.

ಅದು ಶಾಲೆಗೆ ಸೇರುವ ಮುಂಚಿನ ಮಕ್ಕಳಿಗಾಯಿತು. ಎರಡನೇ, ಮೂರನೇ ಕ್ಲಾಸಿಗೆ ಬಂದರೂ ಓದಲು ತಡವರಿಸುವ ಮಕ್ಕಳಿಗಾಗಿ ಅವರೇ 1971ರಲ್ಲಿ 'ದಿ ಎಲೆಕ್ಟ್ರಿಕ್ ಕಂಪನಿ' ಮಾಡಿದರು. ಅದರಲ್ಲಿ ಎದುರುಬದುರಾಗಿ ಎರಡು ಮುಖಗಳ ಕಪ್ಪು ನೆರಳು. ಒಂದು ಬಾಯಿಂದ ಪದದ ಮೊದಲ ಚೂರು, ಇನ್ನೊಂದರಿಂದ ಉಳಿದ ಚೂರು. ಅಕ್ಷರಗಳು ಬಾಯಿಂದಲೇ ಹೊರಬಂದು ನಡುವೆ ಕೂಡಿಕೊಳ್ಳುತ್ತವೆ. ಆಮೇಲೆ ಇಬ್ಬರೂ ಒಟ್ಟಿಗೆ ಪೂರ್ತಿ ಪದ ಹೇಳುತ್ತಾರೆ. ಅಷ್ಟೇ ಆಟ.

ಈ ಆಟವನ್ನು ನಮ್ಮ ಕಾಗುಣಿತಕ್ಕೆ ತಂದು ನೋಡಿ. ಪರದೆ ತುಂಬ ಒಂದು 'ಕ'. ತಲೆಕಟ್ಟು ಹಾರಿಹೋಗಿ ಆ ಜಾಗದಲ್ಲಿ ಗುಡಿಸು ಬಂದು ಕೂರುತ್ತದೆ: 'ಕಿ'. ಗುಡಿಸು ಎದ್ದುಹೋಗಿ ತಲೆಕಟ್ಟು ವಾಪಸ್, ಪಕ್ಕಕ್ಕೊಂದು ಕೊಂಬು: 'ಕು'. ಆಕಾರ ಬದಲಾಗುವ ಗಳಿಗೆಯಲ್ಲೇ ದನಿಯೂ ಬದಲಾಗಬೇಕು. ಪುಸ್ತಕದಲ್ಲಿ 'ಕ', 'ಕಿ', 'ಕು' ಸಾಲಾಗಿ ಸುಮ್ನೆ ನಿಂತಿರುತ್ತವೆ. ಒಂದು ಇನ್ನೊಂದಾಗುವುದನ್ನು ತೋರಿಸುವುದರಲ್ಲಿ ಪರದೆಯನ್ನು ಮೀರಿಸಿದ್ದಿಲ್ಲ. 'ಅಕ್ಕ' ಬರೆಯುವಾಗ ಎರಡನೇ 'ಕ' ಕೆಳಗಿಳಿದು ಒತ್ತಾಗುವುದನ್ನು ಮಕ್ಕಳು ನಗುತ್ತಾ ನೋಡುತ್ತಾರೆ. ಅರ್ಕಾವತ್ತಿಗಂತೂ ಇಡೀ ಒಂದು ಕಂತು ಬೇಕು. ಮೊದಲು ಓದಿ ಆಮೇಲೆ ಬರೆಯುವ ಆ 'ರ್' ದೊಡ್ಡವರನ್ನೂ ಕಾಡುತ್ತದೆ, ಅಲ್ವಾ?

ಇದನ್ನು ಮಾಡಬಲ್ಲವರು ನಮ್ಮಲ್ಲೇ ಇದ್ದಾರೆ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹ ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿದ 'ಸೈಟ್' ಪ್ರಯೋಗದಲ್ಲಿ ಬೆಳಿಗ್ಗೆ ಶಾಲೆ ಮಕ್ಕಳಿಗೆ ಕನ್ನಡದ ಕಾರ್ಯಕ್ರಮವೂ ಇತ್ತು. ಆಗ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಕಡೆಯ ಹಳ್ಳಿಗಳನ್ನು. ನಮ್ಮ ಕಡೆಗೆ ಬರಲಿಲ್ಲ. ಇನ್ನು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ-ಕಲಿ, ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಕಾರ್ಡು, ಹಾಡು, ಆಟದಲ್ಲಿ ಕಲಿಸುವ ಪದ್ಧತಿ. ಅ, ಆ, ಇ, ಈ ಕ್ರಮ ಬಿಟ್ಟು ರ, ಗ, ಸ, ದ, ಅ ಅಂತ ಶುರು ಮಾಡುತ್ತಾರೆ, ನಾಲ್ಕೈದು ಅಕ್ಷರಕ್ಕೇ 'ಸರ', 'ಗರಗಸ' ಓದಿಸುತ್ತಾರೆ. ಆ ಕಾರ್ಡು, ಆ ಹಾಡು ಗೊತ್ತಿರುವ ಮೇಡಂ ಒಬ್ಬರನ್ನು ಕಾರ್ಟೂನ್ ಬಿಡಿಸುವವರ ಜೊತೆ ಕೂರಿಸಬೇಕು. ಚಂದನದಲ್ಲಿ ಸಂಜೆ ಹದಿನೈದು ನಿಮಿಷ ಸಾಕು.

ಅಲ್ಲಿಯವರೆಗೆ ನಿಮ್ಮ ಮನೆಯ ಮಾತು. ಮೊಮ್ಮಗಳು ನೋಡುವ ಕಾರ್ಟೂನ್ ಯಾವ ಭಾಷೆಯದು ಅಂತ ಗಮನಿಸಿ. ತೆಲುಗಾದರೆ ಕನ್ನಡದ ಮಕ್ಕಳ ಚಾನೆಲ್ ಚಿಂಟು ಟಿ.ವಿ.ಗೆ ತಿರುಗಿಸಿ. ಕಾರ್ಟೂನಿನಿಂದ ಅಕ್ಷರ ಬರುವುದಿಲ್ಲ, ಆದರೆ ಕಿವಿಗೆ ಕನ್ನಡ ಬೀಳುತ್ತದೆ. ಶಾಲೆಯಲ್ಲಿ ಮಾತ್ರ ಕನ್ನಡ ಕೇಳುವ ಮಗುವಿಗೆ ಅದೇನು ಸಣ್ಣ ಲಾಭವಲ್ಲ. ಗಡಿ ತಾಲ್ಲೂಕುಗಳ ಎಷ್ಟೋ ಮಕ್ಕಳು ಅಕ್ಷರ ಕೂಡಿಸಿ ಓದುತ್ತಾರೆ, ಓದಿದ ಪದ ಏನು ಅಂತ ಗೊತ್ತಿರುವುದಿಲ್ಲ. ನೀವೂ ಪಕ್ಕದಲ್ಲಿ ಕೂತು "ಅವನು ಯಾಕೆ ಓಡಿದ?" ಅಂತ ಕೇಳಿ. ತೆಲುಗಿನಲ್ಲೇ ಕೇಳಿ, ಪರವಾಗಿಲ್ಲ. ಕತೆ ಹೇಳುತ್ತಾ ಕನ್ನಡದ ಪದ ತಾನಾಗಿ ನುಸುಳುತ್ತದೆ.

ಇನ್ನೊಂದು. ಫೋನಿನಲ್ಲಿ ಕನ್ನಡ ಹಾಡು ಹಾಕುವಾಗ ಸಾಹಿತ್ಯ ಕೆಳಗೆ ಬರೆದಿರುವ ವಿಡಿಯೋ ಆರಿಸಿ. ಬಾಯಿಪಾಠವಾದ ಹಾಡಿನ ಮೇಲೆ ಕಣ್ಣು ತಾನಾಗಿ ಓಡುತ್ತದೆ. ಅಹಮದಾಬಾದಿನ ಐ.ಐ.ಎಂ.ನಲ್ಲಿದ್ದ ಬ್ರಿಜ್ ಕೊಠಾರಿ ಇದೇ ಉಪಾಯವನ್ನು ದೂರದರ್ಶನದ ಹಿಂದಿ ಸಿನಿಮಾ ಹಾಡುಗಳ ಕಾರ್ಯಕ್ರಮ 'ಚಿತ್ರಹಾರ್'ವರೆಗೆ ತೆಗೆದುಕೊಂಡು ಹೋದರು.

ನಮ್ಮ ಜಿಲ್ಲೆಯ ನಲಿ-ಕಲಿ ಶಿಕ್ಷಕರಿಗೆ ಒಂದು ಕೋರಿಕೆ. ಟಿ.ವಿ.ಯಲ್ಲಿ ಯಾವ ಪಾಠ ಬಂದರೆ ನಿಮ್ಮ ಮಕ್ಕಳಿಗೆ ನೆರವಾದೀತು, ಒಂದು ಪುಟದಲ್ಲಿ ಬರೆದು ಕಳಿಸಿ. ಬಂದದ್ದನ್ನೆಲ್ಲ ಈ ಅಜ್ಜಿಯ ಪತ್ರದ ಜೊತೆ ಬೆಂಗಳೂರಿನ ಜೆ.ಸಿ. ನಗರದ ದೂರದರ್ಶನ ಕೇಂದ್ರಕ್ಕೆ ನಾವೇ ಕಳಿಸುತ್ತೇವೆ.